ಪಟ್ಟಿಯಲ್ಲಿ ಇಲ್ಲದ ಕೂಸು

ಇಂಡಿ ತಾಲೂಕಿಗೆ ಬಂದ ಮೊದಲ ದಿನವೇ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಯಾರೂ ಬೈದಿರಲಿಲ್ಲ. ಊಟಕ್ಕೆ ಕರೆದಿದ್ದರು, ಅಷ್ಟೆ.

ನಾನು ನಂಜನಗೂಡಿನವಳು. ನರ್ಸ್ ತರಬೇತಿ ಮುಗಿಸಿ ಕಿರಿಯ ಆರೋಗ್ಯ ಸಹಾಯಕಿಯಾಗಿ ನೇಮಕವಾದಾಗ ನನಗೆ ಇಪ್ಪತ್ತೆರಡು ವರ್ಷ. ಆದೇಶಪತ್ರದಲ್ಲಿದ್ದ ಊರು ಎಲ್ಲಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಜೊತೆಗೆ ಬಂದು, ಲಚ್ಯಾಣದಲ್ಲಿ ರೈಲಿಳಿಸಿ, ಅಲ್ಲಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದುಕೊಟ್ಟು, ಸಂಜೆಯ ರೈಲಿಗೆ ಹಿಂದಿರುಗಿದರು. ಮನೆಯ ಒಡತಿ ಗಂಗವ್ವ ಅರವತ್ತರ ಹತ್ತಿರದ ಹೆಂಗಸು. ಬಾಗಿಲಲ್ಲಿ ನಿಂತು ಗದರುವ ದನಿಯಲ್ಲಿ, “ಏನ ಪಿಳಿಪಿಳಿ ನೋಡಾಕತ್ತಿ? ಕೈಕಾಲ ತೊಳಕೊಂಡ ಬಂದು ಕುಂದರ. ರೊಟ್ಟಿ ಆರತಾವ” ಎಂದರು.

ನಮ್ಮ ಕಡೆ ಗುರುತಿಲ್ಲದವರನ್ನು ಹೀಗೆ ಏಕವಚನದಲ್ಲಿ ಮಾತನಾಡಿಸಬೇಕಾದರೆ ಜಗಳಕ್ಕೇ ನಿಂತಿರಬೇಕು. ನಾನು ತಲೆ ತಗ್ಗಿಸಿ ರೊಟ್ಟಿ ತಿಂದೆ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮರುದಿನ ಅಮ್ಮನಿಗೆ ಕಾಗದ ಬರೆದೆ: ‘ಇಲ್ಲಿಯ ಜನಕ್ಕೆ ಮರ್ಯಾದೆ ಎಂಬುದು ಗೊತ್ತಿಲ್ಲ. ಮಾತೆಲ್ಲ ಕಲ್ಲು ಎಸೆದ ಹಾಗೆ.’

ಆ ಊರಿನವರು ನನ್ನ ಬಗ್ಗೆ ಏನು ತಿಳಿದಿದ್ದರು ಎಂಬುದು ಒಂದು ತಿಂಗಳ ನಂತರ ಗೊತ್ತಾಯಿತು. ಪಕ್ಕದ ಮನೆಯ ಸೊಸೆ ಒಂದು ಮಧ್ಯಾಹ್ನ ಮಗುವಿನ ಕೆಮ್ಮಿಗೆ ಔಷಧ ಕೇಳಿಕೊಂಡು ಬಂದಿದ್ದಳು. ನಮ್ಮೂರಿನ ರೂಢಿಯಂತೆ ನಾನು “ಊಟ ಆಯ್ತಾ?” ಎಂದು ಕೇಳಿದೆ. “ಇಲ್ರಿ” ಎಂದಳು. “ಓಹೋ” ಎಂದು ಔಷಧದ ಬಾಟಲಿ ಕೊಟ್ಟು ಕಳಿಸಿದೆ. ಆ ವಾರವೆಲ್ಲ ಊರಿನ ಹೆಂಗಸರು ನನ್ನನ್ನು ಕಂಡರೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಕಡೆಗೆ ಗಂಗವ್ವನೇ ಹೇಳಿದರು.

“ಉಂಡಿಲ್ಲ ಅಂದಾಕಿನ್ನ ಹಂಗ ಕಳಿಸಿದಿಯಂತ?”

“ನಾನು ಸುಮ್ಮನೆ ಕೇಳಿದ್ದು ಗಂಗವ್ವ. ನಮ್ಮ ಕಡೆ ಹಾಗೆ ಕೇಳೋದು ಪದ್ಧತಿ.”

“ಉಣ್ಣಾಕ ಕೊಡೂದಿಲ್ಲ ಅಂದ್ರ ಕೇಳಬಾರದು. ಕೇಳಿದ ಮ್ಯಾಲ ಕೊಡಬೇಕು. ನಿಮ್ಮ ಮೈಸೂರ ಸೀಮಿ ಮಂದಿ ಬಾಯಾಗಷ್ಟ ಸಕ್ರಿ ಇಟಗೊಂಡಿರ್ತೀರಿ ಅಂತ ಕೇಳಿದ್ದೆ. ಈಗ ನೋಡಿದೆ.”

ನನ್ನ ಕಾಗದಕ್ಕೂ ಅವರ ಈ ಮಾತಿಗೂ ಏನೂ ವ್ಯತ್ಯಾಸವಿಲ್ಲ ಎಂದು ಹೊಳೆಯಲು ನನಗೆ ಎಷ್ಟೋ ವರ್ಷ ಬೇಕಾದವು. ಹೊಸದಾಗಿ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಈಚೆಗೆ ಫೋನ್ ಮಾಡಿ, “ಮೇಡಂ, ನಮಗೆ ದೂರದ ತಾಲೂಕು ಕೊಟ್ಟಿದ್ದಾರೆ, ಜನ ಹೇಗೋ ಏನೋ” ಎಂದು ಕೇಳುತ್ತಾರೆ. ಅವರಿಗೆ ಹೇಳಬೇಕಾದ್ದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾವ ಸಭೆಯಲ್ಲಿ ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಅವು ಸೇವಾಪುಸ್ತಕದಲ್ಲಿವೆ.

ನಾಲ್ಕು ವರ್ಷದ ನಂತರ ಸಿಂದಗಿ ತಾಲೂಕಿಗೆ ವರ್ಗವಾಯಿತು. ಅಷ್ಟರಲ್ಲಿ ಮದುವೆಯಾಗಿತ್ತು. ನಮ್ಮವರು ಗುಂಡ್ಲುಪೇಟೆ ಕಡೆಯವರು, ಪ್ರಾಥಮಿಕ ಶಾಲೆಯ ಮೇಷ್ಟರು. ನನಗಾಗಿ ಕಾಡಿ ಬೇಡಿ ಸಿಂದಗಿಗೆ ವರ್ಗ ಮಾಡಿಸಿಕೊಂಡು ಬಂದಿದ್ದರು. ಅಲ್ಲಿ ನನ್ನ ಮೇಲಧಿಕಾರಿ ಶಾಂತಾಬಾಯಿ. ಹಿರಿಯ ಆರೋಗ್ಯ ಸಹಾಯಕಿ, ದಪ್ಪ ಕನ್ನಡಕದ, ಯಾವಾಗಲೂ ಎಲೆ ಅಡಿಕೆ ಹಾಕುತ್ತಿದ್ದ ಹೆಂಗಸು. ಆ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವರು. ನಾನು ಕಲಿತ ಕೆಲಸದಲ್ಲಿ ಅರ್ಧ ಅವರಿಂದ ಕಲಿತದ್ದು.

ಒಂದು ಚಳಿಗಾಲದ ಬೆಳಿಗ್ಗೆ ಹೆರಿಗೆಯಾಗಿ ಮೂರು ದಿನವಾಗಿದ್ದ ಮನೆಯೊಂದಕ್ಕೆ ಹೋದೆ. ಕಿಟಕಿಯಿಲ್ಲದ ಕೋಣೆ. ಬಾಣಂತಿ ಹೊರಸಿನ ಮೇಲೆ, ಹೊರಸಿನ ಕೆಳಗೆ ಕೆಂಡ ತುಂಬಿದ ಬುಟ್ಟಿ. ಹೊಗೆಯಲ್ಲಿ ಕೂಸಿನ ಮುಖವೇ ಕಾಣುತ್ತಿರಲಿಲ್ಲ. ನಾನು ಏನೂ ಕೇಳದೆ ಒಂದು ಚೊಂಬು ನೀರನ್ನು ಕೆಂಡದ ಮೇಲೆ ಸುರಿದೆ. ಬುಸ್ಸೆಂದು ಬೂದಿ ಎದ್ದು ಬಾಣಂತಿಯ ಮೇಲೆಲ್ಲ ಬಿತ್ತು. ಆ ಮನೆಯ ಅಜ್ಜಿ ನನ್ನ ಚೀಲವನ್ನು ಎತ್ತಿ ಹೊಸ್ತಿಲಾಚೆ ಇಟ್ಟಳು. ಆಮೇಲೆ ಎರಡು ತಿಂಗಳು ಆ ಓಣಿಯಲ್ಲಿ ಯಾರೂ ನನಗೆ ಬಾಗಿಲು ತೆರೆಯಲಿಲ್ಲ.

ಶಾಂತಾಬಾಯಿ ನನ್ನನ್ನು ಕರೆದುಕೊಂಡು ಮತ್ತೆ ಅಲ್ಲಿಗೆ ಹೋದರು. ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಎಲೆಚೀಲದಿಂದಲೇ ಎಲೆ ತೆಗೆದು ಸುಣ್ಣ ಹಚ್ಚುತ್ತ, “ಯವ್ವಾ, ಬೆಂಕಿ ಯಾಕ ಇಡ್ತೀರಿ?” ಎಂದು ಕೇಳಿದರು. “ಕೂಸು ತಂಡಿಗೆ ನೀಲಿ ಆಗ್ತಾವು. ನನ್ನವು ಎರಡು ಹಂಗ ಹೋದುವು” ಎಂದಳು ಅಜ್ಜಿ. ನಾನು ಅಲ್ಲಿಯವರೆಗೆ ಕೇಳದೇ ಇದ್ದ ಪ್ರಶ್ನೆ ಅದು. ಶಾಂತಾಬಾಯಿ ಹೌದೆಂದು ತಲೆಯಾಡಿಸಿ, “ಶಾಖ ಬೇಕು ಖರೆ. ಹೊಗಿ ಬ್ಯಾಡ. ಕೆಂಡ ಹೊರಗ ಪೂರ್ತಿ ಕೆಂಪಾದ ಮ್ಯಾಲ ಒಳಗ ತರ್ರಿ, ಬಾಗಲಾ ಒಂದ ಗೇಣು ತಗದಿಡ್ರಿ, ಕೂಸಿನ್ನ ತಾಯಿ ಎದಿಗೆ ಹಚ್ಚಿ ಮಲಗಿಸ್ರಿ” ಎಂದರು. ಅಜ್ಜಿ ಒಪ್ಪಿದಳು. ಹಿಂತಿರುಗುವಾಗ ಶಾಂತಾಬಾಯಿ ನನಗೆ ಹೇಳಿದ್ದಿಷ್ಟೆ: “ಅವ್ರು ಮಾಡೂದು ತಪ್ಪಿರಬಹುದು. ಯಾಕ ಮಾಡ್ತಾರ ಅಂತ ತಿಳೀದ ತಪ್ಪು ಅನಬ್ಯಾಡ.”

ಆ ಮಾತು ನನಗೆ ಬಾಯಿಪಾಠವಾಯಿತು. ಆದರೂ ಅದಾದ ಆರೇಳು ವರ್ಷಕ್ಕೆ, ನನ್ನ ಜೀವನದ ಅತಿ ದೊಡ್ಡ ತಪ್ಪನ್ನು ಮಾಡಿದೆ. ಅದು ಹೊಸಬಳಾಗಿದ್ದಾಗ ಮಾಡಿದ ತಪ್ಪಲ್ಲ. ನಾನು ಆ ಊರಿನವಳೇ ಆಗಿಹೋದೆ ಎಂದು ಬೀಗುತ್ತಿದ್ದಾಗ ಮಾಡಿದ್ದು.

ಆಗ ನಾನು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದೆ. ಗೊಳಸಂಗಿ ಹತ್ತಿರದ ಒಂದು ಹಳ್ಳಿ, ಅದರ ಸುತ್ತಲಿನ ಮೂರು ಊರುಗಳು ನನ್ನ ಉಪಕೇಂದ್ರಕ್ಕೆ ಸೇರಿದ್ದವು. ನನ್ನ ಬಾಯಲ್ಲಿ ‘ಬರ್ರಿ’, ‘ಹೌದ್ರಿ’ ತಾವಾಗಿಯೇ ಬರುತ್ತಿದ್ದವು. ರೊಟ್ಟಿ ಬಡಿಯುವುದನ್ನು ಕಲಿತಿದ್ದೆ. ಊರ ಗೌಡರ ಮನೆಯ ಮದುವೆಯಲ್ಲಿ ಬಂದ ನೆಂಟರಿಗೆ ಗೌಡರ ಹೆಂಡತಿ ಶಿವಲಿಂಗವ್ವ, “ಈಕಿ ನಮ್ಮೂರ ಸಿಸ್ಟರ” ಎಂದು ನನ್ನನ್ನು ತೋರಿಸಿ ಹೇಳಿದ ದಿನ ನನಗೆ ನಿದ್ದೆ ಬಂದಿರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಬಿಳಿಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಆ ಕಡೆ ಕುರಿ ಹಿಂಡುಗಳು ಬರುತ್ತವೆ. ಬರುತ್ತಿದ್ದವು ಎನ್ನಬೇಕು. ಮುದ್ದೇಬಿಹಾಳ ತಾಲೂಕಿನ ಕುರುಬರ ಕೆಲವು ಕುಟುಂಬಗಳು ದೀಪಾವಳಿಯಾದ ಮೇಲೆ ಊರು ಬಿಟ್ಟರೆ ಮುಂಗಾರಿನ ಕಾರಹುಣ್ಣಿಮೆಯ ಹೊತ್ತಿಗೇ ಮರಳುವುದು. ಕುದುರೆಯ ಮೇಲೆ ಹಾಸಿಗೆ, ಪಾತ್ರೆ, ಕೋಳಿ, ಕೂಸು ಎಲ್ಲ. ಖಾಲಿಯಾದ ಹೊಲಗಳಲ್ಲಿ ರಾತ್ರಿ ಕುರಿ ಕೂಡ್ರಿಸಿದರೆ ಹೊಲಕ್ಕೆ ಗೊಬ್ಬರ, ಕುರುಬರಿಗೆ ಜೋಳ. ಇದು ತಲೆಮಾರುಗಳಿಂದ ನಡೆದು ಬಂದದ್ದು. ಗೌಡರು ಆ ಜನವನ್ನು ಎದುರುನೋಡುತ್ತಿದ್ದರು. ಅವರು ಬಂದಾಗ ಊರಿನವರು ಮೇವಿನ ಬಣವೆಯ ಕಡೆ ಒಂದು ಕಣ್ಣಿಡುತ್ತಿದ್ದರು. “ಬಾಳ ಒಳ್ಳೇ ಮಂದಿ. ಆದ್ರ ನಮ್ಮವರಲ್ಲ” ಎಂದು ಗೌಡರು ಒಮ್ಮೆ ನನಗೆ ಹೇಳಿದ್ದರು.

ಗುರುವಾರ ಲಸಿಕೆಯ ದಿನ. ಅಂಗನವಾಡಿಯ ಕಟ್ಟೆಯ ಮೇಲೆ ನಾನು ಲಸಿಕೆ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ತಾಯಂದಿರು ಸಾಲಾಗಿದ್ದರು, ಶಿವಲಿಂಗವ್ವ ಮೊಮ್ಮಗನನ್ನು ಎತ್ತಿಕೊಂಡು ಮುಂದೆ ನಿಂತಿದ್ದರು. ಸಾಲಿನ ಕೊನೆಗೆ ಒಬ್ಬ ಕುರುಬರ ಹೆಣ್ಣುಮಗಳು ಬಂದು ನಿಂತಳು. ಇಪ್ಪತ್ತೈದರ ಒಳಗಿನವಳು. ಸೊಂಟದ ಮೇಲೆ ಹೆಣ್ಣುಕೂಸು, ಕಣ್ಣಿಗೆ ಕಪ್ಪು ತೀಡಿದ್ದಳು. ಮೈಯಿಂದ ಕುರಿಯ ವಾಸನೆ ಬರುತ್ತಿತ್ತು. ಮುಂದಿದ್ದ ಹೆಂಗಸರು ಸ್ವಲ್ಪ ಸರಿದು ನಿಂತರು.

“ಅಕ್ಕಾರ, ಕೂಸಿಗೆ ಒಂಬತ್ತ ತಿಂಗಳಾತ್ರಿ. ದಡಾರದ ಸೂಜಿ ಮಾಡ್ತಾರಂತಲ್ರಿ” ಎಂದಳು.

“ಯಾವೂರು?”

ಮುದ್ದೇಬಿಹಾಳ ಕಡೆಯ ಒಂದು ಹಳ್ಳಿಯ ಹೆಸರು ಹೇಳಿದಳು.

ಪಟ್ಟಿ ನೋಡಿದೆ. ಅವಳ ಹೆಸರು ಅದರಲ್ಲಿ ಇರುವುದು ಸಾಧ್ಯವೇ ಇರಲಿಲ್ಲ. ಆದರೂ ಪಟ್ಟಿಯ ಮೇಲೆ ಬೆರಳಾಡಿಸಿದೆ. ಹಿಂದಿನ ವಾರವಷ್ಟೇ ಮೇಲ್ವಿಚಾರಕರೊಬ್ಬರು, ಪಟ್ಟಿಯಲ್ಲಿರುವ ಮಕ್ಕಳಿಗಿಂತ ಹೆಚ್ಚು ಲಸಿಕೆ ಖರ್ಚಾಗಿದೆ ಎಂದು ನನ್ನನ್ನು ಎಲ್ಲರ ಮುಂದೆ ಗದರಿದ್ದರು. ಶಿವಲಿಂಗವ್ವ ಪಕ್ಕದಿಂದ, “ಅವರೇನ ನಮ್ಮೂರವರಲ್ಲ ಬಿಡ್ರಿ ಸಿಸ್ಟರ. ಮೊದಲ ನಮ್ಮ ಹುಡುಗೂರದು ಮುಗಸ್ರಿ” ಎಂದರು.

“ನಿಮ್ಮ ಊರಾಗ ಹಾಕಿಸ್ಕೋರಿ. ಇಲ್ಲಿ ನಿಮ್ಮ ಹೆಸರಿಲ್ಲ” ಎಂದೆ.

“ನಮ್ಮೂರಿಗೆ ಹೋಗಾಕ ಇನ್ನ ನಾಕ ತಿಂಗಳ ಐತ್ರಿ.”

“ಹೋದ ಮ್ಯಾಲ ಹಾಕಿಸ್ರಿ.”

ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೊಲದ ಹಾದಿ ಹಿಡಿದಳು.

ಇದನ್ನು ಓದುವ ಹುಡುಗಿಯರಿಗೆ ಒಂದು ವಿಷಯ ಗೊತ್ತಿರುತ್ತದೆ. ದಡಾರದ ಲಸಿಕೆಯ ಒಂದು ಶೀಶೆಯಲ್ಲಿ ಐದು ಮಕ್ಕಳಿಗಾಗುವಷ್ಟು ಇರುತ್ತದೆ. ಪುಡಿಗೆ ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಆ ದಿನ ನನ್ನ ಪಟ್ಟಿಯಲ್ಲಿ ಆ ಲಸಿಕೆಯ ಮಕ್ಕಳಿದ್ದದ್ದು ಮೂರು. ಮಧ್ಯಾಹ್ನ ಉಳಿದ ಎರಡು ಕೂಸಿನ ಪಾಲನ್ನು ನಾನೇ ನನ್ನ ಕೈಯಾರೆ ಚೆಲ್ಲಿದೆ.

ಮೇಲ್ವಿಚಾರಕರ ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ‘ನಮ್ಮೂರ ಸಿಸ್ಟರ’ ಎನ್ನಿಸಿಕೊಂಡವಳು ಆ ಊರಿನವರ ಪಕ್ಕದಲ್ಲಿ ನಿಂತು ಹೊರಗಿನವಳಿಗೆ ಇಲ್ಲ ಎನ್ನುವಾಗ, ನಾನು ಪೂರ್ತಿಯಾಗಿ ಒಳಗಿನವಳಾದೆ ಎನ್ನಿಸಿತ್ತು. ಅದು ಉಳಿದರ್ಧ.

ಮೂರು ವಾರದ ನಂತರ ಗೌಡರ ಆಳುಮನುಷ್ಯ ಬಂದು, “ಕುರಿಹಟ್ಟ್ಯಾಗ ಹುಡುಗೂರಿಗೆ ಅವ್ವ ಬಂದಾಳ್ರಿ” ಎಂದ. ದಡಾರ ಎಂದು ಆ ಮಾತಿಗೆ ಅರ್ಥ. ನಾನು ಹೊಲಗಳನ್ನು ಹಾಯ್ದು ಓಡಿದೆ. ಕಂಬಳಿಯ ಗುಡಾರದಲ್ಲಿ ನಾಲ್ಕು ಮಕ್ಕಳು ಮಲಗಿದ್ದವು. ಮೂರು ಮಕ್ಕಳು ಚೇತರಿಸಿಕೊಳ್ಳುತ್ತಿದ್ದವು. ನಾಲ್ಕನೆಯದು ಆ ಹೆಣ್ಣುಕೂಸು. ಜ್ವರ ಇಳಿದಿತ್ತು, ಆದರೆ ಎರಡೂ ಕಣ್ಣು ಮುಚ್ಚಿ ಕೀವು ಕಟ್ಟಿತ್ತು. ಬೆಳಕಿಗೆ ಹಿಡಿದು ರೆಪ್ಪೆ ಬಿಡಿಸಿದೆ. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಪದರ.

ತಾಯಿಯ ಹೆಸರು ಮಾಯವ್ವ, ಕೂಸಿನ ಹೆಸರು ಹೊನ್ನವ್ವ ಎಂದು ಆ ದಿನ ಗೊತ್ತಾಯಿತು. ಅದೇ ಗಳಿಗೆಯಲ್ಲಿ ಅವರಿಬ್ಬರನ್ನು ಕರೆದುಕೊಂಡು ಬಾಗೇವಾಡಿಗೆ, ಅಲ್ಲಿಂದ ಬಿಜಾಪುರಕ್ಕೆ ಹೋದೆ. ಗಂಡ ಬರುವಂತಿರಲಿಲ್ಲ, ಕುರಿ ಬಿಟ್ಟು ಬರಲಾಗದು. ಒಂಬತ್ತು ದಿನ ದವಾಖಾನೆಯಲ್ಲಿದ್ದೆವು. ಆ ದಿನಗಳಲ್ಲಿ ಮಾಯವ್ವ ‘ಅಕ್ಕಾರ’, ‘ಬರ್ರಿ’ಗಳನ್ನು ಬಿಟ್ಟು ‘ನೀ’ ಎನ್ನತೊಡಗಿದಳು. “ನೀ ಮಕ್ಕೊ, ನಾ ಕುಂದರ್ತೇನಿ” ಎಂದು ರಾತ್ರಿ ನನಗೆ ತನ್ನ ಕಂಬಳಿ ಹೊದಿಸುತ್ತಿದ್ದಳು. ಬಲಗಣ್ಣು ಉಳಿಯಿತು. ಎಡಗಣ್ಣು ಹೋಯಿತು.

ಊರಿಗೆ ಬಂದು ವರದಿ ಬರೆದೆ. ಮೇಲ್ವಿಚಾರಕರು ಅದನ್ನು ಓದಿ ಹಿಂದಕ್ಕೆ ಕೊಟ್ಟರು. ಆ ಕೂಸು ನಮ್ಮ ಪಟ್ಟಿಯದಲ್ಲ, ಆದ್ದರಿಂದ ನಮ್ಮಲ್ಲಿ ದಡಾರ ಆಗಿಲ್ಲ ಎಂದರು. ಮುದ್ದೇಬಿಹಾಳ ಕಡೆಯ ಉಪಕೇಂದ್ರಕ್ಕೆ ಕಾಗದ ಹಾಕಿದೆ. ಆ ಕೂಸು ಹುಟ್ಟಿದ್ದು ಹಾದಿಯಲ್ಲಿ, ಆದ್ದರಿಂದ ತಮ್ಮ ಪಟ್ಟಿಯಲ್ಲೂ ಇಲ್ಲ ಎಂದು ಅಲ್ಲಿಂದ ಉತ್ತರ ಬಂತು. ಒಂದು ಕೂಸು, ಅದರ ಹೋದ ಕಣ್ಣು, ಎರಡೂ ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ.

ಶಾಂತಾಬಾಯಿಯವರೂ ಆ ಹೊತ್ತಿಗೆ ಬಾಗೇವಾಡಿಗೇ ವರ್ಗವಾಗಿ ಬಂದಿದ್ದರು. ಅವರ ಮುಂದೆ ಎಲ್ಲ ಹೇಳಿಕೊಂಡೆ, ಚೆಲ್ಲಿದ ಎರಡು ಪಾಲನ್ನೂ ಸೇರಿಸಿ. ಅವರು ಸಮಾಧಾನ ಹೇಳಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, “ಆಕಿಗೆ ಹೇಳೀಯೇನ?” ಎಂದು ಕೇಳಿದರು. ಇಲ್ಲ ಎಂದೆ. “ಇವತ್ತಲ್ಲ ನಾಳೆ ಹೇಳಬೇಕಾಗ್ತೈತಿ” ಎಂದು, ಮೇಜಿನ ಖಾನೆಯಿಂದ ಒಂದು ಹೊಸ ನೋಟುಪುಸ್ತಕ ತೆಗೆದುಕೊಟ್ಟರು. “ಊರಾಗ ಮನಿ ಇಲ್ಲದವರನ್ನ ಇದರಾಗ ಬರಿ. ಲಸಿಕಿ ಖರ್ಚು ಹೆಂಗ ತೋರಿಸಬೇಕೋ ನಾ ನೋಡ್ಕೋತೇನಿ.”

ಅದರ ಮೊದಲ ಹೆಸರು ಹೊನ್ನವ್ವ. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ, ಮಾಘ ಮಾಸ ಬಂದರೆ ನಾನು ಬೆಳಿಗ್ಗೆ ಬೇಗ ಎದ್ದು ಹೊಲಗಳ ಮೇಲೆ ಹೋಗುತ್ತಿದ್ದೆ. ಮುಳವಾಡದ ಕಡೆಯಿಂದ ಇತ್ತ ಬರುವ ದಾರಿಯಲ್ಲಿ ಕಪ್ಪು ನೆಲದ ತುದಿಗೆ ಧೂಳು ಎದ್ದರೆ ಹಿಂಡು ಬರುತ್ತಿದೆ ಎಂದರ್ಥ. ದೂರದಿಂದಲೇ ನಾಯಿಗಳು ಬೊಗಳುತ್ತಿದ್ದವು. ಗುಡಾರದ ಬಾಯಲ್ಲಿ ಕೂತು, ಹಾಲು ಹಾಕಿದ ಚಹಾ ಕುಡಿದು, ಯಾರು ಹೆತ್ತರು, ಯಾರು ಬಸುರಿ, ಎಲ್ಲಿಂದ ಬಂದಿರಿ, ಮುಂದೆ ಎಲ್ಲಿಗೆ ಎಂದು ಬರೆದುಕೊಳ್ಳುತ್ತಿದ್ದೆ. ಮುಂದಿನ ಊರಿನ ಸಿಸ್ಟರಿಗೆ ಅವರ ಕೈಯಲ್ಲೇ ಚೀಟಿ ಕೊಡುತ್ತಿದ್ದೆ. ಕ್ರಮೇಣ ಆ ಸಿಸ್ಟರಂದಿರೂ ನನಗೆ ಚೀಟಿ ಕಳಿಸತೊಡಗಿದರು.

ಆ ಗುಡಾರಗಳಲ್ಲಿ ಕೂತು ಕೇಳಿದ್ದು ನಾನು ಯಾವ ತರಬೇತಿಯಲ್ಲೂ ಕೇಳಲಿಲ್ಲ. ಊರ ಜನ ಅವರನ್ನು ನೆಲೆಯಿಲ್ಲದವರು ಎನ್ನುತ್ತಿದ್ದರು. ಅವರು ಊರ ಜನವನ್ನು ಕಂಡು ಮರುಕಪಡುತ್ತಿದ್ದರು. “ನಿಮ್ಮೂರ ಹೆಂಗಸೂರು ಬಾಗಿಲದಾಗ ಹುಟ್ಟಿ ಬಾಗಿಲದಾಗ ಸಾಯ್ತಾರ. ಸುಗ್ಗಿ ವಾಸನಿ ಹೊಲಕ್ಕೊಂದು ಬ್ಯಾರೆ ಇರ್ತೈತಿ ಅನ್ನೂದು ಅವರಿಗೇನ ಗೊತ್ತು?” ಎನ್ನುತ್ತಿದ್ದಳು ಮಾಯವ್ವ. ಇನ್ನೊಮ್ಮೆ, ಗೌಡರ ಹೊಲವನ್ನು ತೋರಿಸಿ, “ನಮ್ಮ ಮಾವನ ಕಾಲದಿಂದ ಈ ಹೊಲಕ್ಕ ಗೊಬ್ಬರ ಹಾಕೇವಿ. ಈ ಊರ ಮಂದಿ ತಿನ್ನೂ ಪ್ರತಿ ರೊಟ್ಟ್ಯಾಗ ನಮ್ಮ ಕುರಿ ಅದಾವು. ಆದ್ರ ನಾವ ಇಲ್ಲಿಯವರಲ್ಲ” ಎಂದಳು. ಸಿಟ್ಟಿನಿಂದಲ್ಲ. ಇವತ್ತು ಬಿಸಿಲು ಹೆಚ್ಚು ಎನ್ನುವ ದನಿಯಲ್ಲಿ.

ಹೊನ್ನವ್ವನಿಗೆ ನಾಲ್ಕು ವರ್ಷವಾಗಿದ್ದಾಗಿನ ಒಂದು ದಿನವನ್ನು ನಾನು ಇಂದಿಗೂ ಮರೆತಿಲ್ಲ. ನಾನು ಬೇರೊಂದು ಮಗುವಿಗೆ ಸೂಜಿ ಚುಚ್ಚುತ್ತಿದ್ದೆ. ಅವಳು ಮೆಲ್ಲಗೆ ಬಂದು ನನ್ನ ಲಸಿಕೆ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದಳು. ಏನು ಹುಡುಕುತ್ತೀ ಎಂದೆ.

“ನನ್ನ ಕಣ್ಣ ಇದರಾಗ ಐತೇನ?”

ಯಾರೋ ದೊಡ್ಡ ಹುಡುಗರು ಅವಳಿಗೆ, ನಿನ್ನ ಕಣ್ಣನ್ನು ಸಿಸ್ಟರ ಡಬ್ಬಿಯಲ್ಲಿ ಒಯ್ದಳು ಎಂದು ಹೇಳಿದ್ದರಂತೆ. ಮಾಯವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಹೇಳಿಬಿಡಬೇಕೆಂದು ಬಾಯಿ ತೆರೆದವಳು, ಹೇಳದೆ ಡಬ್ಬಿಯ ಮುಚ್ಚಳ ಹಾಕಿದೆ. ಮಾಯವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ವರ್ಷಗಳು ಹೋದವು. ಕಾಲುವೆ ಬಂತು, ಮುಳವಾಡದ ಕಡೆಯಿಂದ ಏತ ನೀರಾವರಿಯ ನೀರು ಮೇಲೆ ಹತ್ತಿತು. ನೀರಿಗಾಗಿ ಅಷ್ಟು ದಿನ ಕಾದಿದ್ದ ಜನಕ್ಕೆ ಅದು ಬೇಕೇಬೇಕಿತ್ತು, ನನಗೂ ಸಂತೋಷವೇ. ಆದರೆ ವರ್ಷವಿಡೀ ಬೆಳೆ ನಿಂತ ನೆಲದಲ್ಲಿ ಕುರಿ ಕೂಡ್ರಿಸಲು ಜಾಗ ಉಳಿಯಲಿಲ್ಲ. ಒಂದೊಂದೇ ಹಿಂಡು ಬರುವುದು ನಿಂತಿತು. ನನ್ನ ಕೆಲಸವೂ ಬದಲಾಯಿತು. ರಿಜಿಸ್ಟರು ಹೋಗಿ ಕೈಗೆ ಟ್ಯಾಬ್ ಬಂತು. ಪಟ್ಟಿಯಲ್ಲಿಲ್ಲದವರಿಗೂ ಲಸಿಕೆ ಹಾಕಬೇಕು ಎಂಬ ಆದೇಶವೂ ಬಂತು, ಅದು ಒಳ್ಳೆಯದಾಯಿತು. ನಿವೃತ್ತಿಯ ಹಿಂದಿನ ವರ್ಷ, ಇಟ್ಟಿಗೆ ಭಟ್ಟಿಯ ಕೂಸೊಂದಕ್ಕೆ ಹೊಸ ಸಿಸ್ಟರ ಹುಡುಗಿ ಟ್ಯಾಬಿನಲ್ಲಿ ಊರಿನ ಹೆಸರು ಹುಡುಕಿ ಹುಡುಕಿ ಸಿಗದೆ, “ಇವರದು ಯಾವೂರಂತ ಒತ್ತಲಿ ಮೇಡಂ?” ಎಂದು ಕೇಳಿದಳು. “ಮೊದಲ ಸೂಜಿ ಮಾಡು, ಆಮೇಲೆ ಊರು ಹುಡುಕು” ಎಂದೆ. ನಿಮಗೆ ನಾನು ಹೇಳುವ ಬುದ್ಧಿಮಾತು ಇದೊಂದೇ.

ನಿವೃತ್ತಿಯಾಯಿತು. ನಮ್ಮವರಿಗೆ ತಮ್ಮೂರ ಕಡೆ ಹೋಗುವ ಆಸೆ. ಮೂವತ್ತು ವರ್ಷ ನನಗಾಗಿ ಅವರು ಬಿಟ್ಟಿದ್ದ ಊರು, ಈಗ ಬೇಡವೆನ್ನುವುದು ಹೇಗೆ? ಅವರ ಊರಿಗೂ ಹತ್ತಿರವೆಂದು ನಂಜನಗೂಡಿನಲ್ಲಿ ಮನೆ ಮಾಡಿದೆವು. ಅವರಿಗೆ ಹಳೆಯ ಗೆಳೆಯರು ಸಿಕ್ಕರು, ಸಂಜೆ ಹೊಳೆದಂಡೆಯ ನಡಿಗೆ ಸಿಕ್ಕಿತು. ನನಗೆ ಅಂಗಡಿಯವನು ಮೊದಲ ದಿನವೇ, “ಅಮ್ಮಾವ್ರು ಆ ಕಡೆಯೋರಾ? ಮಾತು ಸ್ವಲ್ಪ ಜೋರು” ಎಂದ. ಹುಟ್ಟಿದ ಬೀದಿಯಲ್ಲಿ ನಿಂತು ಈ ಮಾತು ಕೇಳಿಸಿಕೊಂಡೆ. ಪಕ್ಕದ ಮನೆಯವರು ಮೃದುವಾಗಿ, ಒಳ್ಳೆಯ ಮನಸ್ಸಿನಿಂದಲೇ ಮಾತನಾಡುತ್ತಾರೆ. ಆದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಈಗ ತಿಳಿಯುವುದಿಲ್ಲ. ಯಾರಾದರೂ ಒಮ್ಮೆ ಗದರಿಸಿ ಮಾತನಾಡಿಸಬಾರದೇ ಎನ್ನಿಸುತ್ತದೆ. ಜನವರಿ ಬಂದರೆ ಬೆಳಗಿನ ಜಾವವೇ ಎಚ್ಚರವಾಗುತ್ತದೆ. ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ.

ಹೋದ ವರ್ಷ ತಡೆಯಲಾರದೆ ಒಬ್ಬಳೇ ಹೊರಟೆ. ಮಾಯವ್ವ ಈಗ ಮುದ್ದೇಬಿಹಾಳ ಕಡೆಯ ತನ್ನ ಊರಿನಲ್ಲೇ ಇದ್ದಾಳೆ, ಮಗಳು ಹೊನ್ನವ್ವನ ಜೊತೆ. ಹಿಂಡು ಮಾರಿ ಐದಾರು ಕುರಿ ಉಳಿಸಿಕೊಂಡಿದ್ದಾರೆ. ಹೊನ್ನವ್ವ ಹೊಲಿಗೆ ಕಲಿತಿದ್ದಾಳೆ, ಎರಡು ಮಕ್ಕಳ ತಾಯಿ. ನಾನು ಬಂದದ್ದನ್ನು ಕಂಡು ಮಾಯವ್ವ ಏಳಲೂ ಇಲ್ಲ. “ಬಾಳ ಸೊರಗೀದಿ. ಅಲ್ಲಿ ಬರೇ ಅನ್ನಾ ತಿಂತಿಯೇನ?” ಎಂದಳು. ಎಷ್ಟೋ ದಿನದ ಮೇಲೆ ನನಗೆ ಎದೆ ತುಂಬ ಉಸಿರಾಡಿದ ಹಾಗಾಯಿತು.

ಮಧ್ಯಾಹ್ನ ನಾವಿಬ್ಬರೇ ಪಡಸಾಲೆಯಲ್ಲಿ ಕೂತಿದ್ದಾಗ ಹೇಳಿದೆ. ಆ ಗುರುವಾರದ ದಿನ ಶೀಶೆಯಲ್ಲಿ ಲಸಿಕೆ ಉಳಿದಿತ್ತು, ನಾನು ಅದನ್ನು ಚೆಲ್ಲಿದೆ, ಹಾಕಿದ್ದರೆ ಕಣ್ಣು ಉಳಿಯುತ್ತಿತ್ತು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಮಾಯವ್ವ ನೂಲುತ್ತಿದ್ದ ಉಣ್ಣೆಯನ್ನು ಕೆಳಗಿಟ್ಟಳು.

“ನನಗ ಗೊತ್ತೈತಿ. ಅವತ್ತ ನಾ ಹೊಳ್ಳಿ ಬಂದಿದ್ದೆ, ಇನ್ನೊಮ್ಮಿ ಕೇಳೂಣು ಅಂತ. ಎಲ್ಲಾರೂ ಹೋಗಿದ್ರು. ನೀ ಹಿಂದ ನಿಂತ ಚಲ್ಲಾಕತ್ತಿದ್ದಿ.”

ಇಪ್ಪತ್ತು ಚಿಲ್ಲರೆ ವರ್ಷ ಅವಳ ಗುಡಾರದಲ್ಲಿ ಚಹಾ ಕುಡಿದಿದ್ದೆ.

“ಗೊತ್ತಿದ್ದೂ ದವಾಖಾನ್ಯಾಗ ನನಗ ಕಂಬಳಿ ಹೊದಿಸಿದೆಯಲ್ಲ ಮಾಯವ್ವ.”

“ತಂಡಿ ಇತ್ತು” ಎಂದಳು. ಉಣ್ಣೆಯನ್ನು ಮತ್ತೆ ಕೈಗೆತ್ತಿಕೊಂಡು, “ಮರತೇನಿ ಅಂತ ತಿಳೀಬ್ಯಾಡ. ಹುಡುಗಿ ಕಸೂತಿ ಹಾಕುವಾಗ ಮಾರಿ ವಾರೆ ಮಾಡ್ತಾಳ, ಅವಾಗೆಲ್ಲಾ ನೆನಪಾಗ್ತೈತಿ. ಆದ್ರ ಮರುವರ್ಷ ನೀ ಹೊಲದಾಗ ಹುಡುಕ್ಕೋತ ಬಂದಿ. ನಮ್ಮನ್ನ ಓಡಸಾಕ ಬರೂ ಮಂದೀನ ನೋಡಿದ್ದೆ. ಹುಡುಕ್ಕೋತ ಬಂದಾಕಿ ನೀ ಒಬ್ಬಾಕಿನ” ಎಂದಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಂಜೆ ಹೊನ್ನವ್ವ ಬಂದು ನಮ್ಮಿಬ್ಬರ ಮುಖ ನೋಡಿ ಒಲೆ ಹೊತ್ತಿಸಿದಳು.

ಮರುದಿನ ಬೆಳಿಗ್ಗೆ ಮಾಯವ್ವ ಸೆರಗು ಬಿಗಿದು, “ನಡಿ, ಹೊಲದ ಕಡೆ ಹೋಗಿ ಬರೂಣು” ಎಂದಳು. ಯಾವ ಹೊಲ ಎಂದು ಕೇಳಬೇಕಾಗಲಿಲ್ಲ. ಎರಡು ಬಸ್ಸು ಬದಲಿಸಿ, ಗೊಳಸಂಗಿ ದಾಟಿ ಇಳಿದು ನಡೆದೆವು. ಗೌಡರು ತೀರಿಕೊಂಡು ವರ್ಷಗಳಾಗಿವೆ, ಶಿವಲಿಂಗವ್ವನೂ ಇಲ್ಲ. ಹಿಂಡು ಕೂಡುತ್ತಿದ್ದ ಹೊಲದಲ್ಲಿ ಆಳೆತ್ತರದ ಕಬ್ಬು ನಿಂತಿತ್ತು. ಕಪ್ಪು ನೆಲದ ಆ ಬಯಲು, ಆ ಧೂಳು, ನಾಯಿಗಳ ಬೊಗಳಾಟ ಯಾವುದೂ ಇರಲಿಲ್ಲ. ಮಾಯವ್ವ ಬದುವಿನ ಮೇಲೆ ನಿಂತು, ಇಲ್ಲಿ ಮರಿಗಳ ಹಟ್ಟಿ, ಅಲ್ಲಿ ಕುದುರೆ ಕಟ್ಟುತ್ತಿದ್ದೆವು, ಅಲ್ಲಿ ನಮ್ಮ ಒಲೆ ಎಂದು ಕಬ್ಬಿನ ಕಡೆ ಕೈ ಮಾಡಿ ತೋರಿಸುತ್ತಿದ್ದಳು. ನಾನೂ ಅದನ್ನೆಲ್ಲ ಕಾಣುತ್ತಿದ್ದೆ.

ಮೋಟಾರು ಮನೆಯಿಂದ ನಡುವಯಸ್ಸಿನ ಒಬ್ಬರು ನಮ್ಮ ಕಡೆ ಬಂದರು. ಗೌಡರ ಮಗನಿರಬೇಕು, ಅದೇ ಮುಖ. ನಮ್ಮ ಗುರುತು ಅವರಿಗೆ ಹತ್ತಲಿಲ್ಲ.

“ಯಾರು ಬೇಕಾಗಿತ್ರಿ? ಯಾವೂರವರು?”

ನಾನು ಬಾಯಿ ತೆರೆಯುವ ಮೊದಲು ಮಾಯವ್ವ ನನ್ನ ಮುಂಗೈ ಹಿಡಿದುಕೊಂಡಳು.

“ಯಾರೂ ಬ್ಯಾಡ್ರಿ” ಎಂದಳು. “ನಮ್ಮ ಹೊಲಾ ನೋಡ್ಕೊಂಡು ಹೋಗಾಕ ಬಂದೇವಿ.”